ಕನ್ನಡದಲ್ಲೇ ಇರುವ ಕಡತಕ್ಕೆ ಕನ್ನಡ ಓದುವ ಗುಮಾಸ್ತರಿಲ್ಲ

ಮೊನ್ನೆ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಹಿರಿಯರೊಬ್ಬರು ಎದ್ದು ನಿಂತು ಕೇಳಿಯೇಬಿಟ್ಟರು: "ಅಲ್ಲ ಮಾಷ್ಟ್ರೇ, ಶಾಲೆಯ ಜಾಗ ಶಾಲೆಯದ್ದೇ ಅಂತ ತೋರಿಸುವ ಒಂದು ಕಾಗದ ತರಲಿಕ್ಕೆ ನಿಮಗೆ ಎಂಟು ತಿಂಗಳು ಬೇಕಾಯಿತಾ?" ಹೌದು, ಬೇಕಾಯಿತು. ಅಂದು ಸಭೆಯಲ್ಲಿ ಪೂರ್ತಿ ಉತ್ತರ ಕೊಡಲು ಸಮಯ ಇರಲಿಲ್ಲ, ಚಹಾ ಆರುತ್ತಿತ್ತು. ಇಲ್ಲಿ ಕೊಡುತ್ತೇವೆ. ಇದು ನಮ್ಮ ಒಂದು ಶಾಲೆಯ ಕಥೆಯಲ್ಲ. ಕಾಸರಗೋಡಿನಲ್ಲಿ ಕನ್ನಡದ ಹಳೆಯ ಕಾಗದ ಹಿಡಿದುಕೊಂಡು ಕೋರ್ಟಿನ ಮೆಟ್ಟಿಲು ಹತ್ತಿದ ಎಷ್ಟೋ ಮನೆಯವರು "ನಮ್ಮದೂ ಹೀಗೇ ಆಯಿತು" ಎನ್ನುತ್ತಾರೆ.

ಕಥೆ ಸಣ್ಣದು. ಶಾಲೆಯ ಆಟದ ಬಯಲಿಗೆ ತಾಗಿಕೊಂಡ ಗುಡ್ಡೆ ಜಾಗ ಕೈ ಬದಲಾಯಿತು. ಹೊಸಬರು ಅಳತೆ ಮಾಡಿಸಿ, ಬಯಲಿನ ನಡುವೆ ಕಲ್ಲು ಹಾಕಿಸಿದರು. ಊರಿನ ಹಿರಿಯರೆಲ್ಲ ಒಂದೇ ಮಾತು ಹೇಳಿದರು, "ಈ ಜಾಗದ ದಾವೆ ಹಿಂದೆಯೇ ಮುಗಿದಿದೆ, ಡಿಕ್ರಿ ಆಗಿದೆ." ಯಾವಾಗ? "ಸ್ವಾತಂತ್ರ್ಯ ಬರುವ ಮೊದಲು." ಡಿಕ್ರಿ ಎಲ್ಲಿದೆ? ಯಾರಲ್ಲೂ ಇಲ್ಲ. ಕೊನೆಗೆ ಹಳೆಯ ಮ್ಯಾನೇಜರರ ಮನೆಯ ಅಟ್ಟದ ಪೆಟ್ಟಿಗೆಯಲ್ಲಿ, ವಕೀಲರ ಫೀಸಿನ ರಶೀದಿಯೊಂದರ ಮೂಲೆಯಲ್ಲಿ ದಾವೆಯ ನಂಬ್ರ ಮತ್ತು ವರ್ಷ ಸಿಕ್ಕಿತು. ಅದೊಂದು ಭಾಗ್ಯ. ನಂಬ್ರ, ವರ್ಷ, ಕಕ್ಷಿಗಳ ಹೆಸರು, ಈ ಮೂರು ಇಲ್ಲದವರು ಮೊದಲು ರಿಜಿಸ್ಟರು ಹುಡುಕಿಸುವುದರಲ್ಲೇ ಸೋತು ಹೋಗುತ್ತಾರೆ. ಇಂಟರ್‌ನೆಟ್ಟಿನಲ್ಲಿ ನೋಡಿ ಅಂತ ಹುಡುಗರು ಹೇಳಿದರು. ಇ-ಕೋರ್ಟ್ಸ್ ತಾಣದಲ್ಲಿ ಹದಿನಾರು ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬ್ರ ಹಾಕಿದರೆ ಈಗಿನ ಕೇಸುಗಳು ಕಾಣುತ್ತವೆ, ನಿಜ. ನಮ್ಮ ಅಜ್ಜಂದಿರ ಕಾಲದ ದಾವೆಗೆ ಸಿಎನ್‌ಆರ್ ಎಲ್ಲಿಂದ ಬರಬೇಕು?

ನಾವು ಬೇಕೆಂದೇ ಮೊದಲ ಅರ್ಜಿಯನ್ನು ಕನ್ನಡದಲ್ಲಿ ಬರೆದೆವು. ಕೌಂಟರಿನಲ್ಲಿದ್ದ ಹುಡುಗ ತೆಂಕಣ ಜಿಲ್ಲೆಯಿಂದ ವರ್ಗವಾಗಿ ಬಂದವನು. ಕಾಗದವನ್ನು ಮೇಲೆ ಕೆಳಗೆ ನೋಡಿ, ಸಂಕೋಚದಿಂದಲೇ "ಕನ್ನಡ ಅರಿಯಿಲ್ಲ ಮಾಷೇ" ಅಂದ. ಕುಳಿತುಕೊಳ್ಳಲು ಕುರ್ಚಿಯನ್ನೂ ಕೊಟ್ಟ. ಅವನ ಮೇಲೆ ನಮಗೆ ಸಿಟ್ಟಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇವೆ. ಇಂಗ್ಲಿಷಿನಲ್ಲಿ ಬರೆದು ಕೊಟ್ಟೆವು. ಆಗ ಮುಂದಿನ ಪ್ರಶ್ನೆ: ನೀವು ಆ ದಾವೆಯ ಕಕ್ಷಿಯಾ? ಕಕ್ಷಿಯಾಗಿದ್ದವರು ತೀರಿಕೊಂಡು ಎಷ್ಟೋ ವರ್ಷವಾಯಿತು. ಸರಿ, ಯಾಕೆ ಬೇಕು ಎಂದು ಅಫಿಡವಿಟ್ಟು. ಅದೂ ಆಯಿತು. ಆಮೇಲೆ ಎರಡು ವಾರ ಬಿಟ್ಟು ಹೋದರೆ ಅರ್ಜಿ ತಳ್ಳಿಹೋಗಿದೆ! ನಕಲಿಗೆ ಎಷ್ಟು ಸ್ಟಾಂಪು ಕಾಗದ ಬೇಕೆಂದು ನೋಟೀಸು ಬೋರ್ಡಿನಲ್ಲಿ ಹಾಕಿದ್ದರಂತೆ, ನಾವು ಹೇಳಿದ ದಿನದೊಳಗೆ ತಂದುಕೊಡಲಿಲ್ಲವಂತೆ. ಬೋರ್ಡಿನ ಎದುರು ನಾವು ಎರಡು ಸಲ ನಿಂತಿದ್ದೆವು. ಮಲಯಾಳಂ ಕೈಬರಹದ ಆ ಪಟ್ಟಿಯಲ್ಲಿ ನಮ್ಮ ಅರ್ಜಿಯೂ ಇದೆ ಎಂದು ಹೊಳೆಯಲೇ ಇಲ್ಲ. ಮಾತಾಡುವ ಮಲಯಾಳಂ ನಮಗೆ ಸಲೀಸು. ಸಂತೆಯಲ್ಲಿ, ಬಸ್ಸಿನಲ್ಲಿ ಅದೇ ನಡೆಯುತ್ತದೆ. ಆದರೆ ಕಚೇರಿಯ ಗೀಚು ಬರಹವನ್ನು ಓದುವುದು ಬೇರೆ ವಿದ್ಯೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಇದು ಬರೇ ಕಿರಿಕಿರಿಯ ವಿಷಯವಲ್ಲ. ಕೋರ್ಟಿನ ನಕಲಿನ ಬೆನ್ನ ಮೇಲೆ ಒಂದು ಸಾಲು ತಾರೀಕುಗಳಿರುತ್ತವೆ: ಅರ್ಜಿ ಕೊಟ್ಟದ್ದು, ಸ್ಟಾಂಪು ಕೇಳಿದ್ದು, ಸ್ಟಾಂಪು ಕೊಟ್ಟದ್ದು, ನಕಲು ಸಿದ್ಧವಾದದ್ದು, ಕೈಗೆ ಕೊಟ್ಟದ್ದು. ಅಪೀಲಿಗೆ ಹೋಗುವವರಿಗೆ ಈ ತಾರೀಕುಗಳೇ ಪ್ರಾಣ. 1963ರ ಕಾಲಮಿತಿ ಕಾಯ್ದೆಯ 12ನೇ ಕಲಮಿನ ಪ್ರಕಾರ ನಕಲು ಪಡೆಯಲು ಬೇಕಾದ ದಿನಗಳನ್ನು ಅಪೀಲಿನ ವಾಯಿದೆಯಿಂದ ಕಳೆಯುತ್ತಾರೆ. ಆದರೆ ನಾವು ನಾವಾಗಿ ತಡಮಾಡಿದ ದಿನಗಳನ್ನು ಕಳೆಯುವುದಿಲ್ಲ. ಬೋರ್ಡು ಓದಲು ಬಾರದೆ ಸ್ಟಾಂಪು ತಡವಾದರೆ ಆ ತಡ ಯಾರ ತಲೆಗೆ? ನಮ್ಮ ತಲೆಗೆ! ಜಾಗ ಹೋಗುವುದು ನ್ಯಾಯಾಧೀಶರ ತೀರ್ಪಿನಿಂದ ಮಾತ್ರ ಎಂದುಕೊಂಡಿದ್ದೀರಾ? ನೋಟೀಸು ಬೋರ್ಡಿನಿಂದಲೂ ಹೋಗುತ್ತದೆ.

ಎರಡನೇ ಅರ್ಜಿಗೆ ಕಡತ ಸಿಕ್ಕಿತು. ರೆಕಾರ್ಡು ರೂಮಿನವರು ನಿಜಕ್ಕೂ ಶ್ರಮಪಟ್ಟು ಹುಡುಕಿದ್ದರು, ಕೆಂಪು ಬಟ್ಟೆಯ ಕಟ್ಟು, ಅಂಚು ಗೆದ್ದಲು ತಿಂದದ್ದು, ಒಳಗಿನ ಹಾಳೆಗಳು ಗಟ್ಟಿ. ನೋಡಿದರೆ ವಾದಪತ್ರ ಕನ್ನಡ, ಸಾಕ್ಷಿಗಳ ಹೇಳಿಕೆ ಕನ್ನಡ, ಎಲ್ಲವೂ ಹಳೆಯ ಕಾಲದ ಕೂಡಕ್ಷರದ ಕನ್ನಡ! ದಕ್ಷಿಣ ಕನ್ನಡ ಜಿಲ್ಲೆ ಮದರಾಸು ಸರಕಾರದ ಕೈಕೆಳಗೆ ಇದ್ದಾಗ ನಮ್ಮ ಕೋರ್ಟುಗಳಲ್ಲಿ ಕನ್ನಡ ನಡೆಯುತ್ತಿತ್ತಲ್ಲ. 1956ರ ನವೆಂಬರ್ 1ಕ್ಕೆ ತಾಲ್ಲೂಕು ಕೇರಳಕ್ಕೆ ಸೇರಿತು, ಕಡತಗಳೂ ಸೇರಿದವು. ಅವುಗಳನ್ನು ಓದುವವರು ಒಬ್ಬೊಬ್ಬರಾಗಿ ನಿವೃತ್ತರಾದರು. ಈಗ ನಕಲು "ಮೂಲಕ್ಕೆ ಸರಿಯಾಗಿದೆ" ಎಂದು ಬರೆದು ಸಹಿ ಹಾಕಬೇಕಾದವರು ತಾಳೆ ನೋಡುವುದು ಹೇಗೆ? ಅವರಿಗೆ ಅದು ಅಕ್ಷರವಲ್ಲ, ಚಿತ್ರ. ಒಂದು ತಿಂಗಳು ಅರ್ಜಿ ಅಲ್ಲೇ ಕುಳಿತಿತು. ಆಮೇಲೆ ಹಿರಿಯ ಅಧಿಕಾರಿಯೊಬ್ಬರು, "ಜೆರಾಕ್ಸ್ ತೆಗೆದು ಮೊಹರು ಹಾಕಿ ಕೊಡಿ, ಅಕ್ಷರ ಯಾವುದಾದರೇನು" ಎಂದರು. ಅವರಿಗೆ ನಮ್ಮ ನಮಸ್ಕಾರ. ಆದರೆ ನಮ್ಮ ಹಕ್ಕು ಒಬ್ಬ ಒಳ್ಳೆಯ ಮನುಷ್ಯನ ಮರ್ಜಿಯಲ್ಲಿ ನಿಂತಿತಲ್ಲ, ಅದೇ ನಮ್ಮ ತಕರಾರು.

ಮುಗಿಯಿತೇ? ಇಲ್ಲ. ಕನ್ನಡದ ನಕಲು ಈಗಿನ ಕೋರ್ಟಿಗೆ ಅರ್ಥವಾಗಬೇಕಾದರೆ ತರ್ಜುಮೆ ಬೇಕು. ಪೇಟೆಯಲ್ಲಿ ಒಬ್ಬರು ದುಡ್ಡು ತೆಗೆದುಕೊಂಡು ಮಾಡಿಕೊಟ್ಟರು. ಓದಿ ನೋಡಿದಾಗ ನಮ್ಮ ಎದೆ ಧಸಕ್ಕೆಂದಿತು. ಮೂಲದಲ್ಲಿ ಶಾಲೆಯ ಜಾಗ ಮೂಲಗೇಣಿ, ಪಕ್ಕದ್ದು ಚಾಲಗೇಣಿ. ನಮ್ಮ ಕಡೆಯ ಮುದುಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಮಕ್ಕಳಿಗಾಗಿ ಹೇಳುತ್ತೇವೆ: ಮೂಲಗೇಣಿ ಎಂದರೆ ತಲೆಮಾರಿನಿಂದ ತಲೆಮಾರಿಗೆ ಇಳಿಯುವ ಶಾಶ್ವತ ಹಕ್ಕು, ಒಡೆಯ ಎಬ್ಬಿಸುವಂತಿಲ್ಲ. ಚಾಲಗೇಣಿ ವರ್ಷ ವರ್ಷಕ್ಕೆ ನಡೆದು ಬರುವ ಗೇಣಿ. ತರ್ಜುಮೆಯಲ್ಲಿ ಎರಡಕ್ಕೂ ಒಂದೇ ಶಬ್ದ, "ಪಾಟ್ಟಂ"! ಇಡೀ ದಾವೆ ನಿಂತದ್ದೇ ಈ ಎರಡು ಶಬ್ದಗಳ ವ್ಯತ್ಯಾಸದ ಮೇಲೆ. ಕುಮ್ಕಿಯನ್ನಂತೂ ಊರಿನ ಹೆಸರೆಂದು ತಿಳಿದು ಹಾಗೇ ಬಿಟ್ಟಿದ್ದರು. ನಿವೃತ್ತ ಕನ್ನಡ ಪಂಡಿತರೊಬ್ಬರು ಮತ್ತೊಬ್ಬ ಮಲಯಾಳಂ ಮಾಷ್ಟ್ರ ಜೊತೆ ಕುಳಿತು ಹನ್ನೊಂದು ಸಂಜೆ ದುಡಿದು ಸರಿ ಮಾಡಿಕೊಟ್ಟರು. ಒಂದು ಪೈಸೆ ಮುಟ್ಟಲಿಲ್ಲ.

ಈಗ ನಮ್ಮ ವಾದಕ್ಕೆ ಬರುತ್ತೇವೆ. "ಕನ್ನಡಿಗರಿಗೆ ಕೇರಳದಲ್ಲಿ ಎಲ್ಲ ಹಕ್ಕೂ ಕಾಯ್ದೆಯಲ್ಲೇ ಇದೆ" ಎಂದು ಭಾಷಣ ಮಾಡುವವರು ಕಾಯ್ದೆ ಓದಿಲ್ಲ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಸರಕಾರದೊಡನೆ ವ್ಯವಹರಿಸುವ ಅವಕಾಶವನ್ನು ಒಪ್ಪಿಕೊಂಡಿತು. ಒಳ್ಳೆಯದೇ. ಆದರೆ ಅದು ಸರಕಾರಿ ಕಚೇರಿಗಳ ಮಾತು. ಕೋರ್ಟಿನ ಭಾಷೆಯ ದಾರಿ ಬೇರೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 137ನೇ ಕಲಂ, ಕ್ರಿಮಿನಲ್ ಕಡೆ ಹಿಂದಿನ ಸಂಹಿತೆಯ 272 (2024ರ ಜುಲೈ 1ರಿಂದ ಜಾರಿಯಾದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 307), ಇವೆರಡೂ ಕೆಳಗಿನ ಕೋರ್ಟುಗಳ ಭಾಷೆ ಯಾವುದೆಂದು ಗೊತ್ತುಮಾಡುವ ಅಧಿಕಾರವನ್ನು ರಾಜ್ಯ ಸರಕಾರಕ್ಕೇ ಕೊಟ್ಟಿವೆ. ಕ್ರಿಮಿನಲ್ ಕಲಂ ಹೇಳುವುದು "ಪ್ರತಿಯೊಂದು ಕೋರ್ಟಿನ" ಭಾಷೆ ಎಂದು, ಇಡೀ ರಾಜ್ಯಕ್ಕೆ ಒಂದೇ ಎಂದಲ್ಲ. ಅಂದರೆ ಇಂಗ್ಲಿಷು, ಮಲಯಾಳಂಗಳ ಜೊತೆ ಕಾಸರಗೋಡು, ಮಂಜೇಶ್ವರ ತಾಲ್ಲೂಕುಗಳ ಕೇಸು ನಡೆಯುವ ಕೋರ್ಟುಗಳಿಗೆ ಕನ್ನಡವನ್ನೂ ಸೇರಿಸಲು ದಿಲ್ಲಿಗೆ ಹೋಗಬೇಕಿಲ್ಲ, ಸಂವಿಧಾನ ತಿದ್ದಬೇಕಿಲ್ಲ. ತಿರುವನಂತಪುರದ ಒಂದು ಅಧಿಸೂಚನೆ ಸಾಕು.

ಇನ್ನೊಂದು ವಿಚಿತ್ರ ಕೇಳಿ. ಕ್ರಿಮಿನಲ್ ಕೇಸಿನಲ್ಲಿ ಆರೋಪಿ ಬಯಸಿದರೆ, ಸಾಧ್ಯವಿದ್ದರೆ, ತೀರ್ಪಿನ ತರ್ಜುಮೆಯನ್ನು ಅವನ ಸ್ವಂತ ಭಾಷೆಯಲ್ಲಿ ಕೊಡಬೇಕೆಂದು ಕಾನೂನಿದೆ, ಹಳೆಯ ಸಂಹಿತೆಯ 363ರಲ್ಲಿ, ಹೊಸದರ 404ರಲ್ಲಿ. ಸಿವಿಲ್ ಸಂಹಿತೆಯಲ್ಲಿ ಇಂಗ್ಲಿಷು ತಿಳಿಯದ ಕಕ್ಷಿಗೆ ಸಿಗುವುದು ಕೋರ್ಟಿನ ಭಾಷೆಗೆ ಮಾಡಿದ ತರ್ಜುಮೆ ಮಾತ್ರ. ಕಳ್ಳತನದ ಆರೋಪ ಹೊತ್ತವನು ಕನ್ನಡದಲ್ಲಿ ಕೊಡಿ ಎಂದು ಕೇಳಬಹುದು, ಶಾಲೆಯ ಬಯಲು ಉಳಿಸಲು ಹೊರಟ ಮಾಷ್ಟ್ರು ಕೇಳುವಂತಿಲ್ಲ!

"ಆರ್‌ಟಿಐ ಹಾಕಿ, ಹತ್ತು ರೂಪಾಯಿಯಲ್ಲಿ ಮುಗಿಯಿತು" ಎಂದು ನಮಗೆ ಬುದ್ಧಿ ಹೇಳಿದವರು ಕನಿಷ್ಠ ಇಪ್ಪತ್ತು ಮಂದಿ. ಮಾಹಿತಿ ಹಕ್ಕು ಒಳ್ಳೆಯ ಆಯುಧ, ವಿಲೇಜ್ ಆಫೀಸಿನಲ್ಲಿ, ಶಿಕ್ಷಣ ಕಚೇರಿಯಲ್ಲಿ ನಾವೂ ಬಳಸಿದ್ದೇವೆ. ಕೋರ್ಟಿನ ಕಡತಕ್ಕೆ ಅದು ದಾರಿಯಲ್ಲ. ಗುಜರಾತ್ ಹೈಕೋರ್ಟಿನ ವಿಷಯದಲ್ಲಿ ಸುಪ್ರೀಂ ಕೋರ್ಟು 2020ರ ಮಾರ್ಚಿನಲ್ಲಿ ಇದನ್ನು ತೀರ್ಮಾನಿಸಿದೆ: ನ್ಯಾಯಾಲಯದ ಕಡತಗಳ ನಕಲು ಬೇಕಾದವರು ಆ ಕೋರ್ಟಿನ ನಿಯಮದಂತೆಯೇ ಅರ್ಜಿ ಹಾಕಬೇಕು, ಕಕ್ಷಿಯಲ್ಲದವರು ಕಾರಣವನ್ನೂ ಹೇಳಬೇಕು. ನಮಗೆ ಈ ತೀರ್ಪು ಹಿಡಿಸಿಲ್ಲ. ಸಬ್‌ರಿಜಿಸ್ಟ್ರಾರ್ ಕಚೇರಿಯ ಒಂದನೇ ಪುಸ್ತಕವನ್ನು 1908ರ ನೋಂದಣಿ ಕಾಯ್ದೆಯ 57ನೇ ಕಲಮಿನಂತೆ ಯಾರು ಬೇಕಾದರೂ ಫೀಸು ಕಟ್ಟಿ ನೋಡಬಹುದು, ನೀನು ಯಾರು ಎಂದು ಕೇಳುವುದಿಲ್ಲ. ಬಹಿರಂಗ ಕೋರ್ಟಿನಲ್ಲಿ ಓದಿದ ತೀರ್ಪಿಗೆ ಮಾತ್ರ ಯಾಕೆ ಈ ಪ್ರಶ್ನೆ? ಆದರೆ ಹಿಡಿಸಲಿ ಬಿಡಲಿ, ಕಾನೂನು ಸದ್ಯಕ್ಕೆ ಹಾಗಿದೆ. ಆರ್‌ಟಿಐ ಹಾಕಿ ಮೂವತ್ತು ದಿನ ಕಾಯ್ದು ಕುಳಿತವರು ಆ ಮೂವತ್ತು ದಿನವನ್ನು ಕಳೆದುಕೊಂಡ ಹಾಗೇ.

ಬೈಗುಳದಲ್ಲಿ ನಮ್ಮ ಪಾಲೂ ಇದೆ. ಮಹಾಜನ ವರದಿ, ಚಂದ್ರಗಿರಿಯ ಉತ್ತರಕ್ಕೆ ಎಷ್ಟು ಹಳ್ಳಿ, ಇದನ್ನು 1967ರಿಂದ ಜಪ ಮಾಡುತ್ತಾ ಬಂದಿದ್ದೇವೆ. ಮಾಡಬಾರದೆಂದಲ್ಲ. ಆದರೆ ಅದೇ ವೇದಿಕೆಯಿಂದ "ಪ್ರತಿ ಕೋರ್ಟಿಗೆ ಕನ್ನಡ ಓದುವ ಒಬ್ಬ ಗುಮಾಸ್ತ, ಒಬ್ಬ ಭಾಷಾಂತರಕಾರ, ನೋಟೀಸು ಬೋರ್ಡಿನಲ್ಲಿ ಕನ್ನಡದ ಒಂದು ಸಾಲು" ಎಂದು ಯಾರಾದರೂ ಕೇಳಿದ್ದನ್ನು ನಾವು ಕಂಡಿಲ್ಲ. ಇದು ಸಿಗಬಹುದಾದ ವಸ್ತು, ಅದಕ್ಕೇ ಕೇಳುವುದಿಲ್ಲವೋ ಏನೋ! ದುಡ್ಡಿಲ್ಲ, ಜನ ಇಲ್ಲ ಎನ್ನುವ ಉತ್ತರ ಬಂದರೆ, ಎರಡೂ ಭಾಷೆ ಬಲ್ಲ ಮಕ್ಕಳು ನಮ್ಮ ಶಾಲೆಗಳಿಂದಲೇ ವರ್ಷವರ್ಷ ಹೊರಬೀಳುತ್ತಿದ್ದಾರೆ. ಯಂತ್ರ ಸಾಕು ಎನ್ನುವವರೂ ಇದ್ದಾರೆ. 2019ರಲ್ಲಿ ಸುಪ್ರೀಂ ಕೋರ್ಟು ತಂದ ಸುವಾಸ್ ತರ್ಜುಮೆ ತಂತ್ರಾಂಶದಲ್ಲಿ ಕನ್ನಡವೂ ಇದೆ, ಮಲಯಾಳವೂ ಇದೆ. ಅದನ್ನು ಮಾಡಿದ್ದು ಇಂಗ್ಲಿಷು ತೀರ್ಪುಗಳಿಗಾಗಿ. ಗೆದ್ದಲು ತಿಂದ ಕೂಡಕ್ಷರವನ್ನು ಓದಿ ಮೂಲಗೇಣಿಗೂ ಚಾಲಗೇಣಿಗೂ ಇರುವ ಅಂತರವನ್ನು ತಿಳಿಯಲು ಸದ್ಯಕ್ಕೆ ಪಂಡಿತರೇ ಬೇಕು.

ಅವಸರವೂ ಇದೆ. ಕೋರ್ಟಿನ ಕಾಗದಗಳನ್ನು ಗೊತ್ತಾದ ವರ್ಷಗಳ ಮೇಲೆ ನಾಶಮಾಡಲು 1917ರಷ್ಟು ಹಳೆಯ ಕಾಯ್ದೆಯೇ ಇದೆ. ಯಾವುದನ್ನು ಉಳಿಸಬೇಕು, ಯಾವುದನ್ನು ಸುಡಬೇಕು ಎಂದು ಆರಿಸುವವರಿಗೆ ಕಾಗದ ಓದಲು ಬಾರದಿದ್ದರೆ ಏನಾಗುತ್ತದೆ ಎಂದು ಯೋಚಿಸಿ ನೋಡಿ.

ಅದಕ್ಕೇ ಈ ವರ್ಷ ಒಂಬತ್ತನೆಯವರಿಗೆ ಪತ್ರಲೇಖನದಲ್ಲಿ "ಪ್ರವಾಸಕ್ಕೆ ಹಣ ಕೋರಿ ತಂದೆಗೆ ಪತ್ರ" ಬಿಟ್ಟು ನಕಲು ಅರ್ಜಿ ಬರೆಸಿದೆವು. ಕೋರ್ಟಿನ ಹೆಸರು, ದಾವೆಯ ನಂಬ್ರ, ವರ್ಷ, ಕಕ್ಷಿಗಳು, ಯಾವ ಕಾಗದ ಬೇಕು, ಯಾಕೆ ಬೇಕು. ಕನ್ನಡದಲ್ಲಿ ಒಂದು, ಇಂಗ್ಲಿಷಿನಲ್ಲಿ ಒಂದು. ಒಬ್ಬಳು ಹುಡುಗಿ ತನ್ನ ಅಜ್ಜಿಯ ಪಾಲುಪಟ್ಟಿಯ ನಿಜವಾದ ನಂಬ್ರವನ್ನೇ ಹಾಕಿ ತಂದಿದ್ದಳು. 1956ಕ್ಕೆ ಮೊದಲಿನ ಆ ಕೇಸು ಅಪೀಲಿಗೆ ಹೋಗಿತ್ತೆಂದು ಅಜ್ಜಿಗೆ ನೆನಪಿದೆ. ಹಾಗಿದ್ದರೆ ಮಂಗಳೂರಿನಲ್ಲೂ ಹುಡುಕಬೇಕು, ಆಗಿನ ಜಿಲ್ಲಾ ಕೋರ್ಟು ಅಲ್ಲಿತ್ತು ಎಂದು ಹೇಳಿಕೊಟ್ಟಿದ್ದೇವೆ.

ಕೋರ್ಟುಗಳಿಗೆ ಕನ್ನಡ ಸೇರಿಸುವ ಅಧಿಸೂಚನೆಗಾಗಿ ಮನವಿಯ ಕರಡು ಸಿದ್ಧವಾಗಿದೆ, ಶಾಲಾ ಕಚೇರಿಯಲ್ಲಿ ಇಟ್ಟಿದ್ದೇವೆ. ಶನಿವಾರ ಮಧ್ಯಾಹ್ನ ಬಂದು ಓದಿ, ತಪ್ಪಿದ್ದರೆ ತಿದ್ದಿ, ಸಹಿ ಹಾಕಿ. ಬರುವಾಗ ಅಟ್ಟದಲ್ಲಿ ಹಳೆಯ ವಕೀಲರ ರಶೀದಿ, ಸಮನ್ಸು, ಏನಿದ್ದರೂ ಹಿಡಿದುಕೊಂಡು ಬನ್ನಿ, ಗುಜರಿಯವನಿಗೆ ಕೊಡಬೇಡಿ. ಬಯಲಿನ ಕೇಸಿಗೆ ಮುಂದಿನ ವಾಯಿದೆ ಮಳೆಗಾಲ ಸುರುವಾದ ಮೇಲೆ. ಕಲ್ಲು ಇನ್ನೂ ಅಲ್ಲೇ ಇದೆ, ಮಕ್ಕಳು ಅದನ್ನೇ ಸ್ಟಂಪು ಮಾಡಿಕೊಂಡು ಕ್ರಿಕೆಟ್ ಆಡುತ್ತಿದ್ದಾರೆ.