ಗೊಂಬೆಗೂ ಬೇಕು ಕನ್ನಡ



ಚಿಕ್ಕಪೇಟೆಯ ಸಗಟು ಅಂಗಡಿಗಾದರೂ ಹೋಗಿ, ಮಾಲಿನ ಗಾಜಿನ ಅಂಗಡಿಗಾದರೂ ಹೋಗಿ. ಹೊಟ್ಟೆ ಒತ್ತಿದರೆ ಮಾತಾಡುವ ಗೊಂಬೆಯೊಂದನ್ನು ಕೈಗೆತ್ತಿಕೊಂಡು ಒತ್ತಿ ನೋಡಿ. ಇಂಗ್ಲಿಷಿನಲ್ಲಿ ಎಣಿಸುತ್ತದೆ, ಇಂಗ್ಲಿಷಿನಲ್ಲಿ ಹಾಡುತ್ತದೆ. ಬಹಳ ಕೃಪೆ ಮಾಡಿದರೆ ಹಿಂದಿಯಲ್ಲಿ ನಾಲ್ಕು ಮಾತಾಡೀತು. ಕನ್ನಡದಲ್ಲಿ 'ಒಂದು, ಎರಡು, ಮೂರು' ಎನ್ನುವ ಗೊಂಬೆ ಕೊಡಿ ಎಂದು ಕೇಳಿ. ಅಂಗಡಿಯವರು ನಿಮ್ಮನ್ನು ಮೇಲಿಂದ ಕೆಳಗೆ ನೋಡುತ್ತಾರೆ. ಕನ್ನಡನಾಡಿನ ರಾಜಧಾನಿಯಲ್ಲಿ ಗೊಂಬೆಗೆ ಕನ್ನಡ ಬಾರದು!

'ಆಟಿಕೆ ತಾನೆ, ಅದಕ್ಕೇಕೆ ಇಷ್ಟು ರಂಪ?' ಎನ್ನುವ ಬುದ್ಧಿವಂತರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅವರಿಗೆ ನಮ್ಮ ಉತ್ತರ ಇಷ್ಟೇ. ಮಗು ಮಾತು ಕಲಿಯುವುದು ಶಾಲೆಯಲ್ಲಲ್ಲ. ಶಾಲೆಯ ಮೆಟ್ಟಿಲು ಹತ್ತುವ ಹೊತ್ತಿಗೆ ಅದು ಮಾತು ಕಲಿತೇ ಇರುತ್ತದೆ. ಕಲಿಸಿದವರು ಅವ್ವ, ಅಜ್ಜಿ, ಓರಗೆಯ ಮಕ್ಕಳು. ಕಲಿತದ್ದು ಆಟದಲ್ಲಿ. ಅಂಗಡಿಯ ಬೋರ್ಡಿಗಾಗಿ, ಬ್ಯಾಂಕಿನ ಅರ್ಜಿಗಾಗಿ ಬೀದಿಗಿಳಿಯುವವರು ತೊಟ್ಟಿಲ ಪಕ್ಕದಲ್ಲಿ ಏನು ನಡೆಯುತ್ತಿದೆ ಎಂಬುದನ್ನೂ ಒಮ್ಮೆ ನೋಡಬೇಕು.

ಒಂದೆರಡು ತಲೆಮಾರಿನ ಹಿಂದೆ ನಮ್ಮ ಬಹುಪಾಲು ಮನೆಗಳಲ್ಲಿ ಆಟಿಕೆ ಎಂದರೆ ಕೊಳ್ಳುವ ಸಾಮಾನಲ್ಲ, ಮಾಡಿಕೊಳ್ಳುವ ಸಾಮಾನು. ಹಳೇ ಸೈಕಲ್ ಟೈರು, ಕೈಯಲ್ಲೊಂದು ಕೋಲು ಇದ್ದರೆ ಬಂಡಿ ಸಿದ್ಧ. ತಾಟಿನಿಂಗು ತಿಂದು ಉಳಿದ ಎರಡು ಬುರುಡೆಗೆ ಅಡ್ಡಕಡ್ಡಿ ಹಾಕಿದರೆ ಗಾಡಿ. ಬಯಲುಸೀಮೆಯಲ್ಲಿ ಜೋಳದ ದಂಟಿನ ಚಕ್ಕಡಿ. ಮಣ್ಣೆತ್ತಿನ ಅಮಾವಾಸ್ಯೆ ಬಂತೆಂದರೆ ಎರೆಮಣ್ಣಿನ ಜೋಡೆತ್ತು. ಹುಣಸೆಬೀಜದ ಒಂದು ಮಗ್ಗುಲು ಕಲ್ಲಿಗೆ ತಿಕ್ಕಿದರೆ ಚೌಕಾಬಾರಕ್ಕೆ ಕವಡೆಯೇ ಬೇಡ. ಮಣೆ ಇಲ್ಲದವರು ಜಗಲಿಯ ಕಲ್ಲಿನ ಮೇಲೆ ಗೀಚಿಕೊಂಡರು. ಹಂಪಿಯ ಕಲ್ಲುಹಾಸಿನ ಮೇಲೆ ಕೊರೆದ ಆಟದ ಮನೆಗಳನ್ನು ಇಂದಿಗೂ ನೋಡಬಹುದು.

ಈ ಆಟಿಕೆಗಳ ಜೊತೆ ಮಾತುಗಳೂ ಬರುತ್ತಿದ್ದವು. ಬುಗುರಿ ಒಂದಕ್ಕೇ ಚಾಟಿ, ಮೊಳೆ, ಗುನ್ನ. ಗಾಳಿಪಟಕ್ಕೆ ಸೂತ್ರ, ಬಾಲಂಗೋಚಿ, ಗೋತ. ಮೈಸೂರು ಕಡೆ ಅಳಗುಳಿಮಣೆ ಎಂದದ್ದು ಕರಾವಳಿಯಲ್ಲಿ ಚೆನ್ನೆಮಣೆ. ಇಲ್ಲಿ ಚಿನ್ನಿದಾಂಡು ಎಂದದ್ದು ಧಾರವಾಡದ ಕಡೆ ಚಿಣಿಪಣಿ. ಯಾವ ನಿಘಂಟನ್ನೂ ತೆರೆಯದ ಹುಡುಗನ ಬಾಯಲ್ಲಿ ಈ ಮಾತುಗಳು ಉಳಿದದ್ದು ಆಟ ಉಳಿದಿತ್ತು ಎಂಬ ಕಾರಣಕ್ಕೆ. ಆಟ ಹೋದರೆ ಮಾತೂ ಹೋಗುತ್ತದೆ. ಬುಗುರಿ ಆಡದವನಿಗೆ ಗುನ್ನ ಎಂದರೇನು ಗೊತ್ತು?

ಹಾಗೆಂದು ಹಳೆಯದೆಲ್ಲ ಹೊನ್ನು ಎಂದು ಕಣ್ಣೀರು ಹಾಕುವ ಜಾತಿ ನಮ್ಮದಲ್ಲ. ಆ ಕಾಲದಲ್ಲಿ ಹುಡುಗ ಬುಗುರಿ ಆಡುತ್ತಿದ್ದಾಗ ಅವನ ಅಕ್ಕ ಸೊಂಟದ ಮೇಲೆ ಕೂಸು ಹೊತ್ತು ನಿಂತಿರುತ್ತಿದ್ದಳು. ಎಷ್ಟೋ ಮಕ್ಕಳ ಕೈಯಲ್ಲಿ ಆಟಿಕೆಯ ಬದಲು ದನ ಕಾಯುವ ಕೋಲು, ಬೀಡಿ ಕಟ್ಟುವ ಎಲೆ ಇತ್ತು. ಇವತ್ತು ಕೂಲಿ ಮಾಡುವ ತಾಯಿ ಸಂತೆಯಲ್ಲಿ ಐವತ್ತು ರೂಪಾಯಿಗೆ ಪ್ಲಾಸ್ಟಿಕ್ ಕಾರು ಕೊಂಡು ಮಗುವಿನ ಮುಖ ಅರಳಿಸುತ್ತಾಳೆ. ಅದನ್ನು ಹೀಯಾಳಿಸುವ ಹಕ್ಕು ಯಾರಿಗೂ ಇಲ್ಲ. ಆಟಿಕೆ ಬದಲಾಗಲಿ. ಆದರೆ ಬದಲಾದ ಆಟಿಕೆಯಲ್ಲಿ ನಮ್ಮ ಪಾಲೆಲ್ಲಿ?

ನಮ್ಮಲ್ಲಿ ಕೈ ಇರಲಿಲ್ಲವೇ? ಬೆಂಗಳೂರಿನಿಂದ ಅರವತ್ತು ಕಿಲೋಮೀಟರು ದೂರದಲ್ಲಿದೆ ಚನ್ನಪಟ್ಟಣ. ಹಾಲೆ ಮರದ ಬಿಳಿ ಕಟ್ಟಿಗೆಯನ್ನು ಒಣಗಿಸಿ, ಲೇತಿಗೆ ಕಟ್ಟಿ ಉಳಿಯಿಂದ ಕಡೆದು, ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಮೇಲೆ ತಾಳೆಗರಿಯಿಂದ ತಿಕ್ಕಿದರೆ ಕನ್ನಡಿಯ ಹೊಳಪು. ಅರಿಶಿನದಿಂದ ಹಳದಿ, ನೀಲಿಗಿಡದಿಂದ ನೀಲಿ. ಚೂಪು ಮೂಲೆ ಇಲ್ಲ. ಸಸ್ಯದ ಬಣ್ಣದ್ದಾದರೆ ಕೂಸು ಬಾಯಿಗಿಟ್ಟರೂ ಹೆದರಬೇಕಿಲ್ಲ. ಟಿಪ್ಪು ಕಾಲದಲ್ಲಿ ಪರ್ಷಿಯಾದ ಕುಶಲಿಗರು ಬಂದು ಕಲಿಸಿದರು ಎಂಬ ಮಾತಿದೆ. ಇದನ್ನು ಉಳಿಸಿ ಬೆಳೆಸಿದವರಲ್ಲಿ ಮುಸ್ಲಿಮರಿದ್ದಾರೆ, ಹಿಂದೂಗಳಿದ್ದಾರೆ. ಕನ್ನಡದ ಗೊಂಬೆಗೆ ಜಾತಿ ಮತದ ಹಂಗಿಲ್ಲ. ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಚಿತ್ರಗಾರರು ಹಗುರ ಮರ ಕೆತ್ತಿ, ಹುಣಸೆಬೀಜದ ಅಂಟು ಕಲಸಿದ ಕಿಟ್ಟ ಬಳಿದು ಗೊಂಬೆ ಮಾಡುತ್ತಾರೆ. ಇಷ್ಟೆಲ್ಲ ನಮ್ಮ ಮನೆಯಲ್ಲೇ ಇದೆ.

ಈಗ ಡೆನ್ಮಾರ್ಕಿನ ಕಥೆ ಕೇಳಿ. ಬಿಲ್ಲುಂಡ್ ಎಂಬ ಪುಟ್ಟ ಊರಿನಲ್ಲಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸನ್ ಎಂಬ ಬಡಗಿ ಇದ್ದ. ಕೆಲಸ ಸಿಗದ ಕಷ್ಟಕಾಲದಲ್ಲಿ, 1932ರಲ್ಲಿ, ಮರದ ಆಟಿಕೆ ಮಾಡತೊಡಗಿದ. ನಮ್ಮ ಚನ್ನಪಟ್ಟಣದವರ ಹಾಗೆಯೇ. ಆಮೇಲೆ ಪ್ಲಾಸ್ಟಿಕ್ಕಿಗೆ ಬಂದರು. 1958ರಲ್ಲಿ ಒಂದಕ್ಕೊಂದು ಕಚ್ಚಿಕೊಳ್ಳುವ ಇಟ್ಟಿಗೆಗೆ ಪೇಟೆಂಟು. 1960ರಲ್ಲಿ ಮರದ ಆಟಿಕೆ ನಿಂತಿತು. ಅದೇ ಇವತ್ತಿನ ಲೆಗೊ. ಆ ಹೆಸರೆಲ್ಲಿಂದ ಬಂತು ಗೊತ್ತೆ? 'ಚೆನ್ನಾಗಿ ಆಡು' ಎಂಬರ್ಥದ ಡೇನಿಷ್ ಮಾತಿನಿಂದ! ಇಡೀ ಡೆನ್ಮಾರ್ಕಿನ ಜನ ಸುಮಾರು 60 ಲಕ್ಷ. ಬೆಂಗಳೂರಿನ ಜನಕ್ಕಿಂತ ಕಡಿಮೆ. 2011ರ ಜನಗಣತಿಯಂತೆ ಕನ್ನಡವನ್ನು ತಾಯಿನುಡಿ ಎಂದು ಬರೆಸಿದವರು 4 ಕೋಟಿ 37 ಲಕ್ಷ. ಅಷ್ಟು ಚಿಕ್ಕ ಭಾಷೆಯ ಬಡಗಿ ತನ್ನ ನುಡಿಯ ಮಾತನ್ನೇ ಜಗತ್ತಿನ ಮಕ್ಕಳ ಬಾಯಿಗಿಟ್ಟ. ಇಷ್ಟು ದೊಡ್ಡ ಭಾಷೆಯ ನಾವು ಜಯನಗರದಲ್ಲಿ ಆಟಿಕೆ ಅಂಗಡಿ ತೆರೆದರೆ ಹೆಸರಿಗಾಗಿ ಇಂಗ್ಲಿಷ್ ನಿಘಂಟು ತಡಕುತ್ತೇವೆ!

ನಮ್ಮಲ್ಲಿ ನಡೆದದ್ದೇನು? 2001ರ ಏಪ್ರಿಲ್‌ನಲ್ಲಿ ಆಮದಿನ ಮೇಲಿದ್ದ ಕಟ್ಟುಗಳು ಸಡಿಲವಾದವು. ಚೀನಾದ ಅಗ್ಗದ ಆಟಿಕೆ ಹೊಳೆಯಾಗಿ ಹರಿಯಿತು. 2009ರಲ್ಲಿ ಕೇಂದ್ರ ಸರ್ಕಾರ ಆರು ತಿಂಗಳ ನಿಷೇಧ ಎಂದಿತು, ಎರಡು ತಿಂಗಳು ತುಂಬುವುದರೊಳಗೆ ಸಡಿಲಿಸಿತು. ಚನ್ನಪಟ್ಟಣಕ್ಕೆ ಭೌಗೋಳಿಕ ಸೂಚಿಯ ಮುದ್ರೆ ಸಿಕ್ಕಿತು, ಸಂತೋಷ. ಆದರೆ ಮುದ್ರೆ ಹೊಟ್ಟೆ ತುಂಬಿಸುವುದಿಲ್ಲ. 2020ರಲ್ಲಿ ಆಮದು ಸುಂಕ 20ರಿಂದ 60 ಪರ್ಸೆಂಟಿಗೆ, 2023ರಲ್ಲಿ 70ಕ್ಕೆ ಏರಿತು. 2021ರ ಜನವರಿಯಿಂದ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ನೋಂದಾಯಿತ ಕುಶಲಕರ್ಮಿಗಳಿಗೆ ಅದರಿಂದ ವಿನಾಯಿತಿ ಸಿಕ್ಕಿತು. ಇವೆಲ್ಲ ಒಳ್ಳೆಯ ಹೆಜ್ಜೆಗಳೇ.

ಆದರೆ ಒಂದು ಕೈ ಕೊಟ್ಟದ್ದನ್ನು ಇನ್ನೊಂದು ಕೈ ಕಿತ್ತುಕೊಂಡಿತು. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾಯಿತು. ಕಾರುಗಳು ಊರ ಹೊರಗಿನ ಬೈಪಾಸಿನಲ್ಲಿ ಹಾರಿಹೋಗುತ್ತಿವೆ. ಹಳೇ ರಸ್ತೆಯ ಪಕ್ಕದಲ್ಲಿ ಸಾಲಾಗಿ ಮರದ ಕುದುರೆ ನಿಲ್ಲಿಸಿಕೊಂಡು ಕೂತವರ ವ್ಯಾಪಾರಕ್ಕೆ ಪೆಟ್ಟು ಬಿತ್ತು. ಮೈಸೂರಿಗೆ ಮುಟ್ಟಲು ಒಂದು ಗಂಟೆ ಉಳಿಸಿಕೊಂಡೆವು. ಆ ಗಂಟೆಯ ಬೆಲೆಯನ್ನು ಗೊಂಬೆ ಅಂಗಡಿಯವರೂ ತೆರುತ್ತಿದ್ದಾರೆ.

ಇನ್ನು ಭಾಷೆಯ ಮಾತು. ಮಾತಾಡುವ ಗೊಂಬೆ ಹೊಸದೇನಲ್ಲ. ಥಾಮಸ್ ಎಡಿಸನ್ 1890ರಲ್ಲೇ ಗೊಂಬೆಯ ಹೊಟ್ಟೆಯೊಳಗೆ ಫೋನೋಗ್ರಾಫ್ ಇಟ್ಟು ಮಾರಿ ಕೈಸುಟ್ಟುಕೊಂಡ. 1978ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಚಿಪ್ಪಿನಿಂದಲೇ ಧ್ವನಿ ಹುಟ್ಟಿಸಿ ಮಕ್ಕಳಿಗೆ ಇಂಗ್ಲಿಷ್ ಸ್ಪೆಲ್ಲಿಂಗ್ ಕಲಿಸುವ ಆಟಿಕೆ ತಂದಿತು. ಇವತ್ತು ಆ ಚಿಪ್ಪು ಅಗ್ಗದ ಆಟಿಕೆಯಲ್ಲೂ ಇದೆ. ಅದಕ್ಕೆ ಭಾಷೆಯ ಭೇದವಿಲ್ಲ. ಯಾವ ಧ್ವನಿ ತುಂಬಿದರೆ ಅದನ್ನೇ ನುಡಿಯುತ್ತದೆ. ಈಗಂತೂ ಅಂತರ್ಜಾಲಕ್ಕೆ ಜೋಡಿಸಿಕೊಂಡು ಮಗು ಕೇಳಿದ್ದಕ್ಕೆ ಉತ್ತರ ಹೇಳುವ ಆಟಿಕೆಗಳೂ ಬಂದಿವೆ. ನಾಳೆ ಮಗು ಕನ್ನಡದಲ್ಲಿ ಕೇಳಿದರೆ ಗೊಂಬೆ ಮೌನ, ಇಂಗ್ಲಿಷಿನಲ್ಲಿ ಕೇಳಿದರೆ ಮುದ್ದುಮಾತು ಎಂದಾದರೆ, ಆ ಮಗು ಯಾವ ನುಡಿಗೆ ಬೆಲೆ ಇದೆ ಎಂದು ತಿಳಿದೀತು? ಮೂರು ವರ್ಷದ ಕೂಸಿಗೆ ಕೀಳರಿಮೆ ಕಲಿಸಲು ಇದಕ್ಕಿಂತ ಒಳ್ಳೆಯ ಯಂತ್ರ ಬೇಕೆ?

ಮಾತಿಗಿಂತ ದೊಡ್ಡದೊಂದಿದೆ: ಮಗುವಿನ ಪ್ರಾಣ. ಡಬ್ಬಿಯ ಮೂಲೆಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಎಚ್ಚರಿಕೆ ಇರುತ್ತದೆ. ಮೂರು ವರ್ಷದೊಳಗಿನ ಮಕ್ಕಳಿಗೆ ಕೊಡಬೇಡಿ, ಸಣ್ಣ ಭಾಗಗಳು ಗಂಟಲಲ್ಲಿ ಸಿಕ್ಕಿಕೊಳ್ಳಬಹುದು ಎಂದು. ಗುಂಡಿಯಂಥ ಬ್ಯಾಟರಿಯನ್ನು ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಸುಟ್ಟ ಗಾಯ ಮಾಡಬಲ್ಲದು. 2007ರಲ್ಲಿ ಮ್ಯಾಟೆಲ್ ಕಂಪನಿಯೇ ಸೀಸದ ಬಣ್ಣ, ಕಳಚಿ ಬೀಳುವ ಅಯಸ್ಕಾಂತ ಎಂದು ಲಕ್ಷಾಂತರ ಆಟಿಕೆಗಳನ್ನು ವಾಪಸು ಕರೆಸಿಕೊಂಡಿತು. ಅಪಾಯ ಕಟ್ಟುಕಥೆಯಲ್ಲ. ಆದರೆ ಎಚ್ಚರಿಕೆ ಯಾವ ಭಾಷೆಯಲ್ಲಿ? ಕೇಂದ್ರದ 2011ರ ಪೊಟ್ಟಣ ಸಾಮಗ್ರಿ ನಿಯಮದ ಪ್ರಕಾರ ಪೊಟ್ಟಣದ ವಿವರ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಸಾಕು. ಕನ್ನಡ ಬೇಕಾದರೆ ಜೊತೆಗೆ ಹಾಕಬಹುದು, ಹಾಕದಿದ್ದರೂ ನಡೆಯುತ್ತದೆ! ಕನ್ನಡ ಮಾತ್ರ ಓದಬಲ್ಲ ತಾಯಿಗೆ ಆ ಎಚ್ಚರಿಕೆ ಇದ್ದೂ ಇಲ್ಲದಂತೆ. ಇದು ಅಭಿಮಾನದ ಪ್ರಶ್ನೆಯಲ್ಲ. ಆಕೆಯ ಮಗುವಿನ ಉಸಿರಿನ ಪ್ರಶ್ನೆ.

ಕೊಪ್ಪಳದ ಭಾನಾಪುರದಲ್ಲಿ ಸುಮಾರು 400 ಎಕರೆಯ ಆಟಿಕೆ ಕ್ಲಸ್ಟರಿಗೆ 2021ರ ಜನವರಿಯಲ್ಲಿ ಅಡಿಗಲ್ಲು ಬಿತ್ತು. ಅದೇ ಜಿಲ್ಲೆಯಲ್ಲಿ ಕಿನ್ನಾಳವೂ ಇದೆ. ಕಾರ್ಖಾನೆ ಬರಲಿ, ನಮ್ಮ ಹುಡುಗ ಹುಡುಗಿಯರಿಗೆ ಕೆಲಸ ಸಿಗಲಿ. ಆದರೆ ಕನ್ನಡ ನೆಲದಲ್ಲಿ, ಕನ್ನಡದ ಕೈ ಮಾಡುವ ಆಟಿಕೆಯ ಡಬ್ಬಿಯ ಮೇಲೆ ಕನ್ನಡ ಇರಲೇಬೇಕು. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ 2024ರಲ್ಲಿ ಜಾರಿಗೆ ಬಂದಿದೆ. ರಾಜ್ಯದಲ್ಲಿ ತಯಾರಾಗುವ ಸರಕಿನ ಮೇಲೆ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲಿರಬೇಕೆಂದು 2025ರಲ್ಲಿ ಸರ್ಕಾರವೂ ಹೇಳಿದೆ. ಕಾಗದದ ಮೇಲಿನ ಕಾನೂನನ್ನು ಡಬ್ಬಿಯ ಮೇಲೆ ಇಳಿಸುವುದು ನಮ್ಮ ಕೆಲಸ.

ಆದ್ದರಿಂದ ನಮ್ಮ ಒತ್ತಾಯಗಳು ನೇರವಾಗಿವೆ. ಕರ್ನಾಟಕದಲ್ಲಿ ಮಾರುವ ಪ್ರತಿ ಆಟಿಕೆಯ ಮೇಲೆ ವಯಸ್ಸಿನ ಮಿತಿ, ಎಚ್ಚರಿಕೆ ಕನ್ನಡದಲ್ಲೂ ಇರಲಿ. ಇದಕ್ಕಾಗಿ ಕೇಂದ್ರದ ನಿಯಮ ತಿದ್ದಲು ನಮ್ಮ ಸಂಸದರು ಬಾಯಿಬಿಡಲಿ. ಅಂಗನವಾಡಿಗೆ ಕೊಳ್ಳುವ ಆಟಿಕೆಯಲ್ಲಿ ಚನ್ನಪಟ್ಟಣ, ಕಿನ್ನಾಳಕ್ಕೆ ಮೊದಲ ಪಾಲು ಸಿಗಲಿ. ಹೆದ್ದಾರಿಯ ವಿಶ್ರಾಂತಿ ತಾಣಗಳಲ್ಲಿ ಗೊಂಬೆ ಮಾಡುವವರಿಗೇ ಮಳಿಗೆ ಕೊಡಲಿ.

ಸರ್ಕಾರ ಮಾಡಲಿ ಎಂದು ಕೈಕಟ್ಟಿ ಕೂರುವ ಹಾಗಿಲ್ಲ ಗೆಳೆಯರೇ. ನಿಮ್ಮಲ್ಲಿ ಎಷ್ಟೋ ಜನ ಇದೇ ಊರಿನ ಕಂಪನಿಗಳಲ್ಲಿ ಕೂತು ಅಮೆರಿಕದ ಯಂತ್ರಗಳಿಗೆ ಬುದ್ಧಿ ಬರೆಯುತ್ತೀರಿ. ಒಂದು ಕನ್ನಡ ಗೊಂಬೆಗೆ ಮಾತು ಬರೆಯುವುದು ನಿಮಗೆ ಕಷ್ಟವೇ? ಚನ್ನಪಟ್ಟಣದ ಕೈಗೂ ನಿಮ್ಮ ಚಿಪ್ಪಿಗೂ ನಂಟು ಕೂಡಿಸುವವರು ನೀವಲ್ಲದೆ ಇನ್ಯಾರು? ಅಷ್ಟಾಗದಿದ್ದರೆ ಇಷ್ಟಾದರೂ ಮಾಡಿ. ಮುಂದಿನ ಬಾರಿ ಮೈಸೂರಿಗೆ ಹೋಗುವಾಗ ಬೈಪಾಸ್ ಬಿಟ್ಟು ಊರೊಳಗೆ ಇಳಿಯಿರಿ. ಅಕ್ಕನ ಮಗುವಿಗೆ ಒಂದು ಮರದ ಬುಗುರಿ ತನ್ನಿ. ಕೊಟ್ಟು ಸುಮ್ಮನಾಗಬೇಡಿ. ಪಕ್ಕದಲ್ಲಿ ಕೂತು ಆಡಿಸಿ, ಕನ್ನಡದಲ್ಲಿ ಆಡಿಸಿ. ಅಂಗಡಿಗೆ ಹೋದಾಗಲೆಲ್ಲ 'ಕನ್ನಡ ಮಾತಾಡುವ ಗೊಂಬೆ ಇದೆಯೇ?' ಎಂದು ಕೇಳಿ. ನೂರು ಜನ ಕೇಳಿದರೆ ಅಂಗಡಿಯವರು ಸಗಟು ವ್ಯಾಪಾರಿಯನ್ನು ಕೇಳುತ್ತಾರೆ, ಅವರು ಕಂಪನಿಯನ್ನು ಕೇಳುತ್ತಾರೆ. ಕೇಳದವರಿಗೆ ಯಾವ ಮಾರುಕಟ್ಟೆಯೂ ಏನನ್ನೂ ಕೊಟ್ಟಿಲ್ಲ.