ಮದುವೆ ಫೋಟೊ ಚೆನ್ನಾಗಿ ಬರಬೇಕೆ? ಕ್ಯಾಮೆರಾಗಿಂತ ಮೊದಲು ನಿದ್ದೆಯ ಗಂಟೆ ಎಣಿಸಿ

ಮದುವೆ ಸೀಸನ್ ಶುರುವಾಯಿತೆಂದರೆ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಸಲಹೆಗಳ ಸುರಿಮಳೆ. ‘ಎರಡು ಕ್ಯಾಮೆರಾ ಸಾಲದು, ನಾಲ್ಕು ಹಾಕಿಸಿ’, ‘ಡ್ರೋನ್ ಇಲ್ಲದಿದ್ದರೆ ವಿಡಿಯೊ ಚೆನ್ನಾಗಿ ಬರಲ್ಲ’, ‘ಈ 50 ಪೋಸ್ ತಪ್ಪಿಸಬೇಡಿ’. ಇವೆಲ್ಲದರ ಹಿಂದಿರುವ ನಂಬಿಕೆ ಒಂದೇ: ಉಪಕರಣ ಹೆಚ್ಚಾದಷ್ಟೂ ಫೋಟೊ ಚೆಂದ.

ಇದು ಎಷ್ಟು ನಿಜ? ಸ್ವಲ್ಪ ಮಾತ್ರ. ಕ್ಯಾಮೆರಾ ತನ್ನ ಎದುರಿಗೆ ಇರುವುದನ್ನು ಹಿಡಿಯುತ್ತದೆ. ಎದುರಿಗೆ ಇರುವುದು ನಿದ್ದೆಗೆಟ್ಟ ಕಣ್ಣು, ಖಾಲಿ ಹೊಟ್ಟೆ, ಮುಖದ ಮೇಲೆ ನೇರಳೆ ಬೆಳಕು ಎಂದಾದರೆ ನಾಲ್ಕು ಕ್ಯಾಮೆರಾ ಅದನ್ನೇ ನಾಲ್ಕು ಕೋನದಿಂದ ತೋರಿಸುತ್ತವೆ.

ನಿದ್ದೆಗೆಟ್ಟಿದ್ದು ಫೋಟೊದಲ್ಲಿ ಕಾಣುತ್ತದೆಯೇ?

ಕಾಣುತ್ತದೆ. ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯ ಸಂಶೋಧಕರು 23 ಜನರ ಫೋಟೊವನ್ನು ಎರಡು ಬಾರಿ ತೆಗೆದರು: ಚೆನ್ನಾಗಿ ನಿದ್ದೆ ಮಾಡಿದ ಮೇಲೆ ಒಮ್ಮೆ, 31 ಗಂಟೆ ಎಚ್ಚರವಿದ್ದ ಮೇಲೆ ಇನ್ನೊಮ್ಮೆ. ಯಾವುದು ಯಾವ ಫೋಟೊ ಎಂದು ಗೊತ್ತಿಲ್ಲದವರಿಗೆ ಅವನ್ನು ತೋರಿಸಿದಾಗ, ನಿದ್ದೆಗೆಟ್ಟ ಮುಖಗಳೇ ಹೆಚ್ಚು ದಣಿದಂತೆ, ಕಡಿಮೆ ಆರೋಗ್ಯವಂತವಾಗಿ, ಕಡಿಮೆ ಆಕರ್ಷಕವಾಗಿ ಕಂಡವು. ಈ ಅಧ್ಯಯನ 2010ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಜೋತುಬಿದ್ದ ರೆಪ್ಪೆ, ಕೆಂಪಾದ ಕಣ್ಣು, ಕೆಳಗಿಳಿದ ತುಟಿಯಂಚು ದಣಿವಿನ ಗುರುತುಗಳೆಂದು ನಂತರದ ಅಧ್ಯಯನ ಹೇಳಿತು. ಕಪ್ಪು ವರ್ತುಲವನ್ನು ಮೇಕಪ್ ಮುಚ್ಚಬಹುದು. ಉಳಿದದ್ದನ್ನು ಮುಚ್ಚುವುದು ಕಷ್ಟ.

ಮದುವೆಮನೆಯ ನಿದ್ದೆಗೇಡು ಅಷ್ಟು ತೀವ್ರವಲ್ಲ. ಆದರೂ ಲೆಕ್ಕ ನೋಡಿ. ಬೆಂಗಳೂರು, ಮೈಸೂರು ಕಡೆಯ ಎಷ್ಟೋ ಮದುವೆಗಳಲ್ಲಿ ಹಿಂದಿನ ಸಂಜೆಯೇ ಆರತಕ್ಷತೆ. ಅದು ಮುಗಿದು, ಊಟವಾಗಿ, ಒಡವೆ ಬಿಚ್ಚಿಟ್ಟು ಮಲಗುವಾಗ ರಾತ್ರಿ 12. ಬೆಳಿಗ್ಗೆ 7:30ಕ್ಕೆ ಮುಹೂರ್ತವಿದ್ದರೆ ಮದುಮಗಳು 3:30ಕ್ಕೆ ಏಳಬೇಕು. ನಿದ್ದೆ ಮೂರೂವರೆ ಗಂಟೆ.

ಮುಹೂರ್ತದಿಂದ ಹಿಂದಕ್ಕೆ ಎಣಿಸಿ

ಮುಹೂರ್ತ ನಮ್ಮ ಕೈಯಲ್ಲಿಲ್ಲ ಎನ್ನುವವರುಂಟು. ಆದರೆ ಒಂದೇ ದಿನಕ್ಕೆ ಒಂದಕ್ಕಿಂತ ಹೆಚ್ಚು ಲಗ್ನ ಸಿಗುವುದೂ ಉಂಟು. ಛತ್ರ ಬುಕ್ ಮಾಡುವ ಮೊದಲೇ ಪುರೋಹಿತರನ್ನು ಕೇಳಿ. 7:30ರ ಬದಲು 10ರ ಹೊತ್ತಿಗೆ ಸಿಕ್ಕರೆ ಎರಡೂವರೆ ಗಂಟೆ ಹೆಚ್ಚು ನಿದ್ದೆ ಸಿಕ್ಕಂತೆ.

ಸಮಯ ಗೊತ್ತಾದ ಮೇಲೆ ಹಿಂದಕ್ಕೆ ಎಣಿಸಿ. ಮುಹೂರ್ತ 10ಕ್ಕಾದರೆ, ವರಪೂಜೆ, ಕಾಶಿಯಾತ್ರೆ, ಗೌರಿಪೂಜೆಗೆ ಎಷ್ಟು ಹೊತ್ತು? ಮೇಕಪ್, ಜಡೆ, ಸೀರೆಗೆ ಎಷ್ಟು? ಇವುಗಳಿಗೆ ನಿಮ್ಮ ಪುರೋಹಿತರು ಮತ್ತು ಮೇಕಪ್ ಮಾಡುವವರು ಹೇಳಿದ ಸಮಯ ಹಾಕಿ. ನಂತರ ಪಟ್ಟಿಯಲ್ಲಿ ಯಾರೂ ಬರೆಯದ ಎರಡು ಸಾಲು ಸೇರಿಸಿ: ತಿಂಡಿಗೆ 20 ನಿಮಿಷ, ಏನೂ ಇಲ್ಲದ ಅರ್ಧ ಗಂಟೆ. ಹೂವಿನ ಹಾರ ತಡವಾದರೆ, ಸೆಖೆಗೆ ಕರೆಂಟ್ ಹೋದರೆ ಆ ಅರ್ಧ ಗಂಟೆ ನಿಮ್ಮನ್ನು ಉಳಿಸುತ್ತದೆ. ಏನೂ ಆಗದಿದ್ದರೆ ಅಮ್ಮ ಮಗಳ ಜಡೆಗೆ ಹೂ ಮುಡಿಸುವ ಫೋಟೊ ಆ ಬಿಡುವಿನಲ್ಲೇ ಸಿಗುತ್ತದೆ. ಉಪವಾಸದ ಪದ್ಧತಿ ಇರುವ ಮನೆಗಳಲ್ಲಿ ಹಾಲು, ಹಣ್ಣು ನಡೆಯುತ್ತದೆಯೇ ಎಂದು ಮೊದಲೇ ಕೇಳಿಟ್ಟುಕೊಳ್ಳಿ.

ಸ್ಟೇಜ್ ಮೇಲಿನ ಲೆಕ್ಕ

ಆರತಕ್ಷತೆಗೆ 600 ಜನ ಬರುತ್ತಾರೆ ಎಂದಿಟ್ಟುಕೊಳ್ಳಿ. ಐದೈದು ಜನರ ಗುಂಪಾದರೂ 120 ಗುಂಪು. ಹತ್ತಿ, ಹಾರೈಸಿ, ಫೋಟೊಗೆ ನಿಂತು ಇಳಿಯಲು ಗುಂಪಿಗೆ 45 ಸೆಕೆಂಡ್ ಸಾಕೆಂದರೂ ಒಂದೂವರೆ ಗಂಟೆ. 1,200 ಜನರಾದರೆ ಮೂರು ಗಂಟೆ. ಅಷ್ಟೂ ಹೊತ್ತು ಮದುಮಕ್ಕಳು ನಿಂತೇ ಇರುತ್ತಾರೆ.

ಅಲುಗಾಡದೆ ನಿಂತಾಗ ರಕ್ತ ಕಾಲಿನ ನಾಳಗಳಲ್ಲಿ ನಿಲ್ಲುತ್ತದೆ. ನಡೆಯುವಾಗ ಮೀನಖಂಡದ ಸ್ನಾಯು ಪಂಪಿನಂತೆ ಅದನ್ನು ಮೇಲಕ್ಕೆ ತಳ್ಳುತ್ತದೆ; ನಿಂತಲ್ಲೇ ನಿಂತರೆ ಆ ಕೆಲಸ ಕುಂಠಿತ. ಅದಕ್ಕೆ ಹಸಿವು, ನೀರು ಕುಡಿಯದಿರುವುದು, ಭಾರದ ರೇಷ್ಮೆ, ಲೈಟುಗಳ ಶಾಖ ಸೇರಿದರೆ ತಲೆ ಸುತ್ತಿ ಬೀಳಬಹುದು. ಇದಕ್ಕೆ ‘ದೃಷ್ಟಿಯಾಯಿತು’ ಎನ್ನುವುದಕ್ಕಿಂತ, 45 ನಿಮಿಷಕ್ಕೊಮ್ಮೆ ಹತ್ತು ನಿಮಿಷ ಕೂರಿಸಿ, ನೀರು ಕೊಡುವುದು ಒಳ್ಳೆಯದು. ನಿಂತಿರುವಾಗ ಹಿಮ್ಮಡಿ ಎತ್ತಿ ಇಳಿಸುತ್ತಿದ್ದರೂ ಸಹಾಯವಾಗುತ್ತದೆ.

ನಗುವಿಗೂ ಮಿತಿಯಿದೆ. ಮನಸಾರೆ ನಕ್ಕಾಗ ಕೆನ್ನೆಯ ಸ್ನಾಯುವಿನ ಜೊತೆ ಕಣ್ಣಿನ ಸುತ್ತಲಿನ ಸ್ನಾಯುವೂ ಬಿಗಿಯುತ್ತದೆ ಎಂದು ಫ್ರೆಂಚ್ ವೈದ್ಯ ಡ್ಯುಶೆನ್ 1862ರಲ್ಲೇ ಬರೆದಿದ್ದರು. ಅಂಥ ನಗು ಕೆಲವೇ ಸೆಕೆಂಡ್ ಇರುತ್ತದೆ. ನೂರನೇ ಗುಂಪಿನ ಹೊತ್ತಿಗೆ ಉಳಿಯುವುದು ತುಟಿಯ ನಗು ಮಾತ್ರ. ಆದ್ದರಿಂದ ಮುಖ್ಯವಾದವರ ಫೋಟೊ ಮೊದಲು ತೆಗೆಸಿ.

ಇದನ್ನು ನಾನು ಕಲಿತದ್ದು ನಮ್ಮ ಮನೆಯಲ್ಲೇ. ಅಕ್ಕನ ಮದುವೆಯಲ್ಲಿ ಸಾವಿರಾರು ಫೋಟೊ ತೆಗೆಸಿದೆವು. ಅಜ್ಜಿಗೆ ಮಂಡಿನೋವು, ಸ್ಟೇಜಿನ ಮೆಟ್ಟಿಲು ಹತ್ತಲಾಗಲಿಲ್ಲ. ‘ರಶ್ ಕಡಿಮೆಯಾಗಲಿ’ ಎಂದೆವು, ಆಮೇಲೆ ಮರೆತೆವು. ಅಜ್ಜಿ ಈಗಿಲ್ಲ. ಆಲ್ಬಮ್ಮಿನಲ್ಲಿ ಅಕ್ಕ ಮತ್ತು ಅಜ್ಜಿ ಜೊತೆಗಿರುವ ಒಂದೂ ಫೋಟೊ ಇಲ್ಲ. ತಪ್ಪು ಫೋಟೊಗ್ರಾಫರ್‌ದಲ್ಲ, ಅವರಿಗೆ ಯಾರೂ ಹೇಳಿರಲಿಲ್ಲ. ಹತ್ತು ಹೆಸರಿನ ಪಟ್ಟಿ ಕೊಟ್ಟು, ಜನ ಬರುವ ಅರ್ಧ ಗಂಟೆ ಮೊದಲು ಮದುಮಕ್ಕಳನ್ನೇ ಹಿರಿಯರ ಬಳಿ ಕರೆದೊಯ್ದರೆ ಸಾಕಿತ್ತು.

ಬಣ್ಣದ ಲೈಟು ಹೆಚ್ಚಾದರೆ ಫೋಟೊ ಚೆಂದವೇ?

ಹಿನ್ನೆಲೆಗೆ ಚೆಂದ, ಮುಖಕ್ಕಲ್ಲ. ಹಳದಿ ಬಲ್ಬು, ಕಿಟಕಿಯ ಬಿಸಿಲು, ನೇರಳೆ ಎಲ್‌ಇಡಿ ಮೂರೂ ಒಂದೇ ಮುಖದ ಮೇಲೆ ಬಿದ್ದರೆ ನಮ್ಮ ಕಣ್ಣು ಹೊಂದಿಸಿಕೊಳ್ಳುತ್ತದೆ. ಕ್ಯಾಮೆರಾ ಸಾಮಾನ್ಯವಾಗಿ ಇಡೀ ಚಿತ್ರಕ್ಕೆ ಒಂದೇ ‘ಬಿಳಿ’ಯನ್ನು ಲೆಕ್ಕ ಹಾಕುತ್ತದೆ, ಒಂದು ಕೆನ್ನೆ ಸರಿಬಂದರೆ ಇನ್ನೊಂದು ನೀಲಿಯಾಗುತ್ತದೆ. ಮುಖದ ಮೇಲೆ ಒಂದೇ ಬಣ್ಣದ ಬೆಳಕಿರಲಿ ಎಂದು ಡೆಕೊರೇಷನ್‌ನವರಿಗೆ ಹೇಳಿ.

ವಿಡಿಯೊದಲ್ಲಿ ಕಪ್ಪು ಪಟ್ಟಿಗಳು ಓಡುವುದನ್ನು ನೋಡಿದ್ದೀರಾ? ನಮ್ಮ ಕರೆಂಟ್ 50 ಹರ್ಟ್ಸ್, ಹಾಗಾಗಿ ಹಲವು ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಷಟರ್ ವೇಗ ಅದಕ್ಕೆ ಹೊಂದದಿದ್ದರೆ ಪಟ್ಟಿ ಮೂಡುತ್ತದೆ. 1/50 ಅಥವಾ 1/100ರಲ್ಲಿ ಅದು ಸಾಮಾನ್ಯವಾಗಿ ಮಾಯವಾಗುತ್ತದೆ. ಹಿಂದಿನ ದಿನವೇ ಲೈಟ್ ಹಾಕಿ ಒಂದು ನಿಮಿಷ ಪರೀಕ್ಷಿಸಿದರೆ ಗೊತ್ತಾಗುತ್ತದೆ.

ಹೊರಗಿನ ಫೋಟೊಗೆ ನಡುಮಧ್ಯಾಹ್ನ ಬೇಡ. ನೆತ್ತಿಯ ಸೂರ್ಯ ಕಣ್ಣಿನ ಗುಳಿಯಲ್ಲಿ ನೆರಳು ಹಾಕುತ್ತಾನೆ. ಸೂರ್ಯ ಮುಳುಗುವ ಮುಂಚಿನ ಒಂದು ಗಂಟೆ ಬೆಳಕು ಮೃದು. ಬೆಂಗಳೂರಿನಲ್ಲಿ ನವೆಂಬರ್‌ನಲ್ಲಿ ಸೂರ್ಯಾಸ್ತ ಸುಮಾರು 5:50ಕ್ಕೆ, ಮೇ ತಿಂಗಳಲ್ಲಿ ಸುಮಾರು 6:40ಕ್ಕೆ. ಅದನ್ನು ನೋಡಿಕೊಂಡು ಸಮಯ ಇಡಿ.

ಎಲ್ಲರೂ ಫೋನ್ ಎತ್ತಿದರೆ

ಅಂತರಪಟ ಸರಿಯುವುದು, ಜೀರಿಗೆ-ಬೆಲ್ಲ, ಮಾಂಗಲ್ಯಧಾರಣೆ: ಇವು ಸೆಕೆಂಡುಗಳ ಕ್ಷಣ. ಅದೇ ಹೊತ್ತಿಗೆ ನೆಂಟರ ಇಪ್ಪತ್ತು ಫೋನು ಮೇಲೇಳುತ್ತವೆ. ಕ್ಯಾಮೆರಾಗೆ ಅಡ್ಡವಾಗುವುದು ಒಂದು ತೊಂದರೆ. ಇನ್ನೊಂದು, ಫೋಟೊ ತೆಗೆಯುವವರ ನೆನಪಿನದು. 2017ರಲ್ಲಿ ಸೈಕಾಲಾಜಿಕಲ್ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಇಷ್ಟಪಟ್ಟು ಫೋಟೊ ತೆಗೆದವರಿಗೆ ಕಂಡದ್ದು ಹೆಚ್ಚು ನೆನಪಿತ್ತು, ಕೇಳಿದ್ದು ಕಡಿಮೆ. ಗಟ್ಟಿಮೇಳ, ಮಂತ್ರ, ಅಪ್ಪನ ನಡುಗುವ ದನಿ ಇವೆಲ್ಲ ಕೇಳಿಸಿಕೊಳ್ಳುವಂಥವು. ‘ಧಾರೆ ಮುಗಿಯುವವರೆಗೆ ಫೋನ್ ಕೆಳಗಿಡಿ’ ಎಂದು ಮೈಕಿನಲ್ಲಿ ಒಮ್ಮೆ ವಿನಂತಿಸಿದರೆ ಯಾರೂ ಬೇಸರಪಡುವುದಿಲ್ಲ. ಡ್ರೋನ್ ಬೇಕೆಂದರೆ ಅದನ್ನು ದಿಬ್ಬಣಕ್ಕೆ ಇಟ್ಟುಕೊಳ್ಳಿ. ಧಾರೆಯ ಹೊತ್ತಿಗೆ ಅದರ ಗುಂಯ್‌ಗುಡುವಿಕೆ ಮಂತ್ರದ ಮೇಲೇರುತ್ತದೆ.

ಇದನ್ನು ಫಾರ್ವರ್ಡ್ ಮಾಡಿ

• ಮದುಮಕ್ಕಳಿಗೆ ಕನಿಷ್ಠ ಆರು ಗಂಟೆ ನಿದ್ದೆ ಸಿಗುವಂತೆ ಆರತಕ್ಷತೆ ಮುಗಿಸಿ.
• ಮುಹೂರ್ತದಿಂದ ಹಿಂದಕ್ಕೆ ಎಣಿಸಿ, ತಿಂಡಿ ಮತ್ತು ಬಿಡುವನ್ನೂ ಪಟ್ಟಿಯಲ್ಲಿ ಬರೆಯಿರಿ.
• ಹಿರಿಯರ ಫೋಟೊ ಎಲ್ಲಕ್ಕಿಂತ ಮೊದಲು.
• ಸ್ಟೇಜಿನಲ್ಲಿ ಮುಖಕ್ಕೆ ಒಂದೇ ಬಣ್ಣದ ಬೆಳಕು.
• ಧಾರೆಯ ಹೊತ್ತಿಗೆ ಫೋನ್ ಕೆಳಗೆ.
• ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿದರೆ ಅದರ ಗಾತ್ರ ಕುಗ್ಗುತ್ತದೆ. ಮೂಲ ಗುಣಮಟ್ಟ ಬೇಕಿದ್ದರೆ ‘ಡಾಕ್ಯುಮೆಂಟ್’ ಆಗಿ ಕಳಿಸಿ, ಇನ್ನೊಂದು ಪ್ರತಿಯನ್ನು ಬೇರೆ ಕಡೆ ಉಳಿಸಿಡಿ.