ಕಿಡ್ನಿ ಕಸಿಗಾಗಿ ಕಾಯುತ್ತಿರುವ ರೋಗಿಗಳ ಮನವಿ ಪತ್ರ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ಇಂದ,
ರಾಯಚೂರು ಜಿಲ್ಲೆಯ ಡಯಾಲಿಸಿಸ್ ರೋಗಿಗಳು ಮತ್ತು ಮನೆಯವರು

ವಿಷಯ: ಕಾಯುವ ಪಟ್ಟಿಯಲ್ಲಿರುವವರಿಗೆ ಮಾಹಿತಿ ಮತ್ತು ಪ್ರಯಾಣ ಸೌಲಭ್ಯ ಕೋರಿ

ಮಾನ್ಯರೇ,

ವಾರಕ್ಕೆ ಎರಡು ಮೂರು ಸಲ, ಸಲಕ್ಕೆ ನಾಲ್ಕು ತಾಸು ಡಯಾಲಿಸಿಸ್ ಮಾಡಿಸಿಕೊಂಡು ಬದುಕುತ್ತಿರುವ ನಾವು, ಅಂಗ ಹಂಚಿಕೆ ನೋಡಿಕೊಳ್ಳುವ ರಾಜ್ಯ ಸಂಸ್ಥೆ 'ಜೀವಸಾರ್ಥಕತೆ'ಯ ಕಾಯುವ ಪಟ್ಟಿಯಲ್ಲಿದ್ದೇವೆ. ಮನೆಯಲ್ಲಿ ಕೊಡಲು ಮುಂದಾದವರ ರಕ್ತದ ಗುಂಪು ಹೊಂದಲಿಲ್ಲ, ಇಲ್ಲವೇ ಅವರಿಗೇ ಸಕ್ಕರೆ ಕಾಯಿಲೆ. ಮೆದುಳು ನಿಷ್ಕ್ರಿಯಗೊಂಡವರ ಕುಟುಂಬ ದೊಡ್ಡ ಮನಸ್ಸು ಮಾಡಿ ಕೊಡುವ ದಾನವೊಂದೇ ನಮಗುಳಿದ ದಾರಿ. ಅದು ಎಂದು ಬರುತ್ತದೆಂದು ಯಾರೂ ಹೇಳಲಾರರು; ಆ ಭರವಸೆಯನ್ನು ನಾವು ಕೇಳುತ್ತಲೂ ಇಲ್ಲ. ಕಾಯುವ ಕಾಲವೂ ಚಿಕಿತ್ಸೆಯೇ ಎಂದು ಸರ್ಕಾರ ಒಪ್ಪಲಿ.

ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಕರೆ ಬರುವುದಿಲ್ಲ. ಸೋಂಕು ತಗುಲಿದರೆ ಅಥವಾ ತಪಾಸಣೆ ಹಳತಾದರೆ ಹೆಸರನ್ನು ತಡೆಹಿಡಿಯಬಹುದು. ವೈದ್ಯಕೀಯವಾಗಿ ಅದು ಸರಿಯೇ. ಆದರೆ ರೋಗಿಗೆ ಗೊತ್ತಾಗದಿದ್ದರೆ ಆತ ಬಾರದ ಕರೆಗೆ ಕಾಯುತ್ತ ಕೂರುತ್ತಾನೆ. ಹೆಸರು ಚಾಲ್ತಿಯಲ್ಲಿದೆಯೇ, ಯಾವ ಪರೀಕ್ಷೆ ಬಾಕಿ ಎಂಬುದನ್ನು ಕಸಿ ಸಂಯೋಜಕರು ಮೂರು ತಿಂಗಳಿಗೊಮ್ಮೆ ಕನ್ನಡದಲ್ಲಿ ಬರೆದು ತಿಳಿಸುವುದು ಕಡ್ಡಾಯವಾಗಲಿ. ರಕ್ತ ಏರಿಸಿಕೊಂಡರೆ ಪ್ರತಿಕಾಯಗಳು ಹೆಚ್ಚಿ ಮುಂದೆ ಹೊಂದಾಣಿಕೆ ಕಷ್ಟವಾಗಬಹುದು ಎಂಬ ಸಂಗತಿ ನಮ್ಮಲ್ಲಿ ಹಲವರಿಗೆ ತಿಳಿದದ್ದು ರಕ್ತ ಏರಿಸಿಕೊಂಡ ಮೇಲೆ.

ಇನ್ನು ಕರೆ ಬಂದ ರಾತ್ರಿಯ ಮಾತು. ಒಂದು ಕಿಡ್ನಿಗೆ ಒಬ್ಬರಿಗಿಂತ ಹೆಚ್ಚು ಜನರನ್ನು ಕರೆಸುವುದುಂಟು. ಕ್ರಾಸ್‌ಮ್ಯಾಚ್ ಎಂಬ ಹೊಂದಾಣಿಕೆ ಪರೀಕ್ಷೆಯಲ್ಲಿ ಹೊಂದದಿದ್ದರೆ ವಾಪಸ್. ಇದು ತಪ್ಪಿಸಲಾಗದ್ದೆಂದು ಬಲ್ಲೆವು. ಆದರೆ ರಾಯಚೂರಿನಿಂದ ಬೆಂಗಳೂರಿಗೆ ಸುಮಾರು 400 ಕಿ.ಮೀ. ಸಾಲ ಮಾಡಿ ಬಾಡಿಗೆ ಕಾರು ಹಿಡಿದು, ಉಪವಾಸ ಹೋದ ಕೂಲಿಯವ ಹಾಗೇ ಮರಳಿದರೆ, ಮುಂದಿನ ಕರೆಗೆ ಹೊರಡಲು ಅವನ ಬಳಿ ದುಡ್ಡಿರುವುದಿಲ್ಲ. ದಾನಿಯ ಅಂಗ ಸಾಗಿಸಲು ರಸ್ತೆ ತೆರವು ಮಾಡಿಕೊಡುವ ಸರ್ಕಾರ, ಅದನ್ನು ಪಡೆಯುವವರಿಗೂ ಜಿಲ್ಲಾ ಕೇಂದ್ರದಿಂದ ವಾಹನ ಕೊಡಲಿ. ಕಸಿಯಾಗದೆ ಮರಳುವವರಿಗೆ, ಊರಲ್ಲಿ ತಪ್ಪಿದ ಡಯಾಲಿಸಿಸ್ ಕರೆಸಿದ ಆಸ್ಪತ್ರೆಯಲ್ಲೇ ಉಚಿತವಾಗಿ ಸಿಗಲಿ.

ಕಸಿಯಾದ ಅಂಗವನ್ನು ದೇಹ ತಿರಸ್ಕರಿಸದಂತೆ ತಡೆಯುವ ಮಾತ್ರೆಗಳು ಜೀವನಪರ್ಯಂತ ಬೇಕು. ಅವು ಜಿಲ್ಲೆಯಲ್ಲೇ ದೊರೆಯಬೇಕು.

ಇನ್ನು ದಾನದ ಮಾತು. ಮೆದುಳು ಸಾವನ್ನು 1994ರ ಅಂಗಾಂಗ ಕಸಿ ಕಾಯ್ದೆಯೇ ಒಪ್ಪಿದೆ. ನಾಲ್ವರು ವೈದ್ಯರ ಮಂಡಳಿ ಕನಿಷ್ಠ ಆರು ತಾಸಿನ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ದೃಢೀಕರಿಸಬೇಕು. ಪ್ರತಿ ಜಿಲ್ಲೆಯ ಸರ್ಕಾರಿ ಐಸಿಯುನಲ್ಲೂ ಇಂಥ ಮಂಡಳಿ ಸದಾ ಸಿದ್ಧವಿರಲಿ. ದುಃಖದಲ್ಲಿರುವ ಮನೆಯವರೊಡನೆ ಸಮಾಧಾನದಿಂದ, ಒತ್ತಾಯವಿಲ್ಲದೆ ಮಾತಾಡಬಲ್ಲ ಸಂಯೋಜಕರನ್ನು ಅಲ್ಲಿಗೆ ನೇಮಿಸಿ.

ಈ ಬೇಡಿಕೆಗಳ ಕುರಿತು ಹೊರಡಿಸುವ ಆದೇಶದ ಪ್ರತಿಯನ್ನು ಎಲ್ಲ ತಾಲ್ಲೂಕು ಡಯಾಲಿಸಿಸ್ ಕೇಂದ್ರಗಳಲ್ಲಿ ಪ್ರಕಟಿಸಬೇಕೆಂದು ಕೋರುತ್ತೇವೆ.

ತಮ್ಮ ವಿಶ್ವಾಸಿಗಳು,
(ರೋಗಿಗಳು ಮತ್ತು ಮನೆಯವರ ಸಹಿಗಳು)